ಕಣ್ಣಿಗೆ ಕಾಣೋ, ಕಿವಿಗೆ ಕೇಳದ 'ಕೆ'

ಪ್ರಶ್ನೆ: ನೈಫ್, ನೀ, ನಾಟ್ ಎಲ್ಲದಕ್ಕೂ ಮುಂದೆ ಕೆ ಬರೀಬೇಕು ಆದ್ರೆ ಓದ್ಬಾರ್ದು ಯಾಕೆ ಅಂತ ಮಗಳು ಕೇಳ್ತಾಳೆ, ಏನ್ ಹೇಳ್ಲಿ?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದಾಳೆ ಮಗು! ಹಳೇ ಇಂಗ್ಲಿಷಲ್ಲಿ ಆ ಕೆ ನಿಜವಾಗ್ಲೂ ಉಚ್ಚಾರ ಆಗ್ತಿತ್ತು, 17ನೇ ಶತಮಾನದ ಹೊತ್ತಿಗೆ ಬಾಯಿಂದ ಬಿದ್ದೋಗೋಕೆ ಶುರುವಾಯ್ತು, ಸ್ಪೆಲಿಂಗ್ ಮಾತ್ರ ಹಂಗೇ ಉಳ್ಕೊಳ್ತು, ಜರ್ಮನ್ನರು ಮೊಣಕಾಲಿಗೆ ಈಗ್ಲೂ 'ಕ್ನೀ' ಅಂತಾನೇ ಅನ್ನೋದು. ನೈಫ್ ಚಾಕು, ನಾಟ್ ಗಂಟು, ನಾಕ್ ಬಾಗಿಲು ತಟ್ಟೋದು, ನೀಲ್ ಮಂಡಿಯೂರೋದು. ನೈಟ್ ಅಂದ್ರೆ ಕುದುರೆ ಏರಿದ ಯೋಧ, ಮೊದ್ಲು ಅದಕ್ಕೆ ಬರೀ ಹುಡುಗ, ಸೇವಕ ಅಂತಿತ್ತು. ಕೆ ಬಿಟ್ರೆ ರಾತ್ರಿ ಆಗೋಗುತ್ತೆ. ನಂಗೆ ತುಂಬಾ ಇಷ್ಟವಾದ್ದು 'ನೋ', ಅಂದ್ರೆ ತಿಳಿ ಅನ್ನೋ ಪದ, ಅದಕ್ಕೂ ಸಂಸ್ಕೃತದಿಂದ ನಮಗೆ ಬಂದ 'ಜ್ಞಾನ'ಕ್ಕೂ ಬೇರು ಒಂದೇ, ಹಂಗೇ ಇಂಗ್ಲಿಷಿನ 'ನೀ'ಗೂ ಸಂಸ್ಕೃತದಲ್ಲಿ ಮೊಣಕಾಲು ಅನ್ನೋ 'ಜಾನು'ಗೂ!