ಸಂಪಾದಕರ ಉತ್ತರ: ಬೆಂಕಿ ರೋಗದ ಬುತ್ತಿ

ತೀರ್ಥಹಳ್ಳಿ ಕಡೆಯ ಭತ್ತದ ಬೆಳೆಗಾರರೊಬ್ಬರು ಬರೆದಿದ್ದಾರೆ: "ಬೆಂಕಿ ರೋಗದ ಶಿಲೀಂಧ್ರದಲ್ಲಿ ಅಮೈನೋ ಆಮ್ಲ ಮಾಡುವ ಜೀನ್ ಕೆಡಿಸಿದರೆ ಅದು ರೋಗ ತರಲಾರದು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಇಲ್ಲಿ ಗೊಬ್ಬರದ ಅಂಗಡಿಯಲ್ಲಿ ಅದೇ ಅಮೈನೋ ಆಮ್ಲದ ಬಾಟಲಿ ಕೊಟ್ಟು, ಹೊಡೀರಿ, ರೋಗ ಹತ್ತಿರ ಸುಳಿಯಲ್ಲ ಅಂತಾರೆ. ನಾನು ಊಟ ಹಾಕುವುದು ಗಿಡಕ್ಕೋ, ರೋಗಕ್ಕೋ?"

ಗೌಡರೇ, ಇದನ್ನು ಆ ಲೇಖನದಲ್ಲೇ ಬಿಡಿಸಿ ಹೇಳಬೇಕಿತ್ತು. ನಾಲ್ಕು ಸಾಲಿನಲ್ಲಿ ಮುಗಿಸಿದ್ದು ನಮ್ಮದೇ ತಪ್ಪು.

ಬೆಳಗಿನ ಇಬ್ಬನಿ ಕೂತ ಎಲೆಯನ್ನು ನೆನೆಸಿಕೊಳ್ಳಿ. ಗಾಳಿಯಲ್ಲಿ ಬಂದ ಶಿಲೀಂಧ್ರದ ಬೀಜಕಣ ಆ ಹನಿಯಲ್ಲಿ ಅಂಟುತ್ತದೆ. ಎಲೆಯ ಮೇಲೆ ಅದಕ್ಕೆ ತಿನ್ನಲು ಏನೂ ಇಲ್ಲ. ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಕೆಲಸ ಆಗಬೇಕು. ಮೊಳೆತು, ತುದಿಯಲ್ಲಿ ಗುಮ್ಮಟದಂಥ ಒಂದು ಕೋಶ ಕಟ್ಟುತ್ತದೆ. ಬೀಜಕಣ ತನ್ನನ್ನೇ ಕರಗಿಸಿ ಎಲ್ಲವನ್ನೂ ಅದಕ್ಕೆ ದಾಟಿಸಿ ಸಾಯುತ್ತದೆ. ಆ ಗುಮ್ಮಟದೊಳಗಿನ ಒತ್ತಡ ಕಾರಿನ ಟೈರಿನ ಗಾಳಿಯ ಸುಮಾರು 40 ಪಟ್ಟು! ಆ ಬಲದಲ್ಲೇ ಅದು ಎಲೆಯನ್ನು ತೂತು ಮಾಡಿ ಒಳಗೆ ಇಳಿಯುವುದು.

ಇಷ್ಟಕ್ಕೆಲ್ಲ ಪ್ರೋಟೀನ್ ಬೇಕು, ಪ್ರೋಟೀನಿಗೆ ಅಮೈನೋ ಆಮ್ಲ ಬೇಕು. ಈ ಶಿಲೀಂಧ್ರದ ಜೀನುಗಳ ಪೂರ್ತಿ ಪಟ್ಟಿ 2005ರಲ್ಲಿ ಹೊರಬಂತು. ಆಮೇಲೆ ವಿಜ್ಞಾನಿಗಳು ಒಂದೊಂದೇ ಜೀನ್ ಕೆಡಿಸಿ ನೋಡಿದರು. 2013ರಲ್ಲಿ ಮೆಟ್-13 ಎಂಬ ಜೀನಿನ ಸರದಿ. ಮೆಥಿಯೋನಿನ್ ಎಂಬ ಅಮೈನೋ ಆಮ್ಲ ತಯಾರಿಸಲು ಅದು ಬೇಕು. ಅದು ಕೆಟ್ಟ ಶಿಲೀಂಧ್ರ ಭತ್ತಕ್ಕೆ ರೋಗ ತರಲಿಲ್ಲ. ಅದೇ ವರ್ಷ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಬೇರೆ ಅಮೈನೋ ಆಮ್ಲಗಳನ್ನು ಮಾಡುವ ಜೀನುಗಳಲ್ಲೂ, 2015ರಲ್ಲಿ ಅರ್ಜಿನಿನ್ ಜೀನುಗಳಲ್ಲೂ ಇಂಥದೇ ಕಥೆ ಸಿಕ್ಕಿತು. ಗಿಡದ ತುಂಬ ಅಮೈನೋ ಆಮ್ಲ ಇದ್ದರೂ ಕಳ್ಳನಿಗೆ ಬೇಕಾದ್ದೆಲ್ಲ ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಕೆಲವನ್ನು ತಾನೇ ಮಾಡಿಕೊಳ್ಳಬೇಕು.

ಈಗ ನಿಮ್ಮ ಬಾಟಲಿಗೆ ಬರೋಣ. ಜೀನ್ ಕೆಟ್ಟ ಶಿಲೀಂಧ್ರಕ್ಕೆ ಪ್ರಯೋಗಶಾಲೆಯಲ್ಲಿ ಮೆಥಿಯೋನಿನ್ ಹಾಕಿದರೆ ಚೇತರಿಸಿಕೊಳ್ಳುತ್ತದೆ, ನಿಜ. ಆದರೆ ನಿಮ್ಮ ಗದ್ದೆಯ ಶಿಲೀಂಧ್ರದಲ್ಲಿ ಆ ಜೀನ್ ಕೆಟ್ಟಿಲ್ಲ. ತನ್ನ ಮೆಥಿಯೋನಿನ್ ಅದು ತಾನೇ ಮಾಡಿಕೊಳ್ಳುತ್ತದೆ, ಬಾಟಲಿಗೆ ಕಾದು ಕೂತಿಲ್ಲ. ಹಾಗಂತ ಬಾಟಲಿ ರೋಗದ ಔಷಧಿಯೂ ಅಲ್ಲ. ಶಿಲೀಂಧ್ರನಾಶಕದ ದುಡ್ಡನ್ನು ಸುಮ್ನೆ ಅದಕ್ಕೆ ಸುರಿಯಬೇಡಿ.

ನಿಮ್ಮ ಅನುಮಾನ ನಿಜವಾಗುವುದು ಇನ್ನೊಂದು ಕಡೆ, ಯೂರಿಯಾ ಚೀಲದಲ್ಲಿ. ಸಾರಜನಕ ಜಾಸ್ತಿ ಆದಾಗ ಎಲೆಯಲ್ಲಿ ಗ್ಲುಟಮಿನ್‌ನಂಥ ಅಮೈನೋ ಆಮ್ಲಗಳು ತುಂಬಿಕೊಳ್ಳುತ್ತವೆ, ಎಲೆ ಮೆತ್ತಗಾಗುತ್ತದೆ. ಒಳಗೆ ಇಳಿದ ಮೇಲೆ ಶಿಲೀಂಧ್ರಕ್ಕೆ ಹಬ್ಬ. ಕಡುಹಸಿರು ಗದ್ದೆಗೇ ಮೊದಲು ಬೆಂಕಿ ಬೀಳುತ್ತದೆ ಅಂತ ಹಳಬರು ಹೇಳೋದು ಇದಕ್ಕೇ ಅಲ್ವಾ?

ಭತ್ತವೂ ಸುಮ್ಮನೆ ಕೂತಿರುವುದಿಲ್ಲ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಅದು ಸೆರೊಟೋನಿನ್ ಮಾಡುತ್ತದೆ. ನಮ್ಮ ಮಿದುಳಿನಲ್ಲಿ ಓಡಾಡುವ ಅದೇ ಸೆರೊಟೋನಿನ್. ಕಂದುಚುಕ್ಕೆ ರೋಗದ ಶಿಲೀಂಧ್ರ ಬಿದ್ದಾಗ ಭತ್ತ ಇದನ್ನು ಕೋಶದ ಗೋಡೆಗೆ ಗಾರೆಯಂತೆ ಮೆತ್ತಿ ಗಟ್ಟಿ ಮಾಡಿಕೊಳ್ಳುವುದನ್ನು ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ. ನನಗಂತೂ ಇದನ್ನು ಮೊದಲ ಸಲ ಓದಿದಾಗ ನಂಬಲಿಕ್ಕೇ ಆಗಿರಲಿಲ್ಲ.

ಈ ಜೀನುಗಳ ಮೇಲೆ ಔಷಧಿ ಮಾಡಬಹುದಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ಆಸೆ ಇರುವುದೇ ಅಲ್ಲಿ. ಲ್ಯೂಸಿನ್, ಲೈಸಿನ್‌ನಂಥ ಅಮೈನೋ ಆಮ್ಲ ಮಾಡುವ ಯಂತ್ರ ಮನುಷ್ಯರಲ್ಲಿ ಇಲ್ಲ, ಊಟದಿಂದಲೇ ಬರಬೇಕು. ಇಲ್ಲದ ಯಂತ್ರಕ್ಕೆ ಪೆಟ್ಟು ಬೀಳುವುದಿಲ್ಲ. ಗಿಡದಲ್ಲಿ ಅವು ಇವೆ, ತೊಡಕು ಅದೇ. ಆದರೆ ಲೈಸಿನ್ ಮಾಡುವ ದಾರಿ ಗಿಡದ್ದು ಬೇರೆ, ಶಿಲೀಂಧ್ರದ್ದು ಬೇರೆ. ಈ ಜಾಡು ಹೊಸದೇನಲ್ಲ. ನಾಟಿಯಾದ ಮೇಲೆ ಕಳೆಗೆ ಹೊಡೆಯುವ ಬಿಸ್ಪೈರಿಬ್ಯಾಕ್ ಸೋಡಿಯಂ ಕಳೆಯಲ್ಲಿ ನಿಲ್ಲಿಸುವುದು ಲ್ಯೂಸಿನ್, ವ್ಯಾಲಿನ್ ತಯಾರಿಯನ್ನೇ. (ಇದನ್ನು ಓದಿ ಬೆಂಕಿ ರೋಗಕ್ಕೆ ಕಳೆನಾಶಕ ಹೊಡೆಯಬೇಡಿ, ಮಾರಾಯ್ರೆ.)

ಸದ್ಯಕ್ಕೆ ಕೈಯಲ್ಲಿರುವುದು ಟ್ರೈಸೈಕ್ಲಾಜೋಲ್‌ನಂಥ ಶಿಲೀಂಧ್ರನಾಶಕ. ಅದು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಿಲ್ಲ. ಗುಮ್ಮಟದ ಗೋಡೆಗೆ ಬೇಕಾದ ಕಪ್ಪು ಬಣ್ಣ ಆಗದಂತೆ ತಡೆಯುತ್ತದೆ. ಬಣ್ಣ ಇಲ್ಲದಿದ್ದರೆ ಒತ್ತಡ ನಿಲ್ಲದು, ತೂತೂ ಬೀಳದು. ಅಂದಮೇಲೆ ಶಿಲೀಂಧ್ರ ಒಳಗೆ ಹೋಗುವ ಮೊದಲೇ ಹೊಡೆದಿರಬೇಕು. ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾದ ಮೇಲೆ ಹೊಡೆದರೆ ಆ ತೆನೆ ವಾಪಸ್ ಬರುವುದಿಲ್ಲ. ಲೀಟರ್ ನೀರಿಗೆ ಶೇ. 75ರ ಟ್ರೈಸೈಕ್ಲಾಜೋಲ್ ಪುಡಿ 0.6 ಗ್ರಾಂ. ಯೂರಿಯಾವನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಎಲೆಯಲ್ಲಿ ಕಣ್ಣಿನಾಕಾರದ ಚುಕ್ಕೆ ಕಂಡಿದ್ದರೆ ಮುಂದಿನ ಕಂತನ್ನು ಸ್ವಲ್ಪ ತಡೆಯಿರಿ. ಬಾಟಲಿಯ ಮುಚ್ಚಳ ಇನ್ನೂ ತೆರೆಯದೆ ಇಟ್ಟಿದ್ದರೆ, ಅಂಗಡಿಗೆ ವಾಪಸ್ ಕೊಟ್ಟು ನೋಡಿ.