ಟ್ಯೂಬರಸ್ ಸ್ಕ್ಲೆರೋಸಿಸ್ ಇರುವವರಿಗೆ ಫಿಟ್ಸ್ ಮೆದುಳಿನ ಯಾವ ಜಾಗದಿಂದ ಶುರುವಾಗುತ್ತದೆ?

ಹೆಚ್ಚಾಗಿ ಮೆದುಳಿನ ಹೊರಪದರದಲ್ಲಿರುವ ‘ಟ್ಯೂಬರ್’ ಎಂಬ ಗಂಟುಗಳಿಂದ, ಇಲ್ಲವೇ ಅವುಗಳ ಅಂಚಿನಲ್ಲಿ, ಸ್ಕ್ಯಾನ್‌ನಲ್ಲಿ ಸರಿಯಾಗೇ ಕಾಣುವ ಭಾಗದಿಂದ. ಗಂಟಿನ ನಡುವಿನಿಂದಲೋ ಅಂಚಿನಿಂದಲೋ ಅನ್ನುವುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಮೆದುಳೊಳಗೆ ಎಲೆಕ್ಟ್ರೋಡ್ ಇಟ್ಟು ನೋಡಿದಾಗ ಎರಡೂ ಕಂಡುಬಂದಿವೆ.

ಇದು ಜೀನ್ ದೋಷದ ಕಾಯಿಲೆ. ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್ ಕೆಟ್ಟರೆ ಜೀವಕೋಶದ ಬೆಳವಣಿಗೆಗೆ ಬ್ರೇಕ್ ಬೀಳುವುದಿಲ್ಲ. ಮಗು ಹೊಟ್ಟೆಯಲ್ಲಿರುವಾಗಲೇ ಕೆಲವು ನರಕೋಶಗಳು ಜಾಸ್ತಿ ದಪ್ಪವಾಗಿ, ಅಡ್ಡಾದಿಡ್ಡಿ ಬೆಳೆಯುತ್ತವೆ. ಆಮೇಲೆ ಅವು ಸುಮ್ನೆ ಸುಮ್ನೆ ವಿದ್ಯುತ್ ಸಂಕೇತ ಹೊರಡಿಸುತ್ತವೆ.

ಒಬ್ಬರಲ್ಲೇ ಹತ್ತಾರು ಗಂಟುಗಳಿರಬಹುದು, ಆದರೆ ಎಲ್ಲವೂ ತಂಟೆ ಮಾಡುವುದಿಲ್ಲ. ಔಷಧಿಗೆ ಬಗ್ಗದಿದ್ದಾಗ, ತಂಟೆಯ ಗಂಟನ್ನು ಹುಡುಕಿ ಅಂಚಿನ ಸಮೇತ ತೆಗೆದರೆ ಕೆಲವರಿಗೆ ಫಿಟ್ಸ್ ನಿಲ್ಲುವುದುಂಟು. ಮೆದುಳಿನ ನಡುವೆ ನೀರು ತುಂಬಿರುವ ಪೊಳ್ಳುಗಳ ಗೋಡೆಯಲ್ಲೂ ಸಣ್ಣ ಗಂಟುಗಳು ಕಾಣುತ್ತವೆ. ಫಿಟ್ಸ್‌ಗೆ ಸಾಮಾನ್ಯವಾಗಿ ಅವು ಕಾರಣವಲ್ಲ.