ಸತ್ತ ಪ್ಲೇಟ್ ಕೋರಲ್ ಮೇಲೆ ಹಸಿರು ಚುಕ್ಕಿ ಬಂದಿದೆ ಅಂದ್ರೆ

ಸರ್, ನಿಮ್ಮ ಉಪ್ಪುನೀರಿನ ಟ್ಯಾಂಕಲ್ಲಿ ಸತ್ತ ಪ್ಲೇಟ್ ಕೋರಲ್ (ತಟ್ಟೆ ಆಕಾರದ ಹವಳ) ಮೇಲೆ ಹಸಿರು ಚುಕ್ಕಿ ಬಂದಿದೆ, ಏನ್ಮಾಡ್ಲಿ ಅಂತ ಕೇಳಿದ್ರಿ. ಮೊದಲು ಅದನ್ನ ಎಸೀಬೇಡಿ. ಬ್ಲೀಚಲ್ಲಿ ಹಾಕ್ಬೇಡಿ, ಕುದಿಸೋದಂತೂ ಬೇಡ್ವೇ ಬೇಡ. ಮೇಲಿನ ಉತ್ತರಗಳಲ್ಲಿ ಒಬ್ರು ತೊಳೆದು ಒಣಗಿಸಿ ಶೋಕೇಸಲ್ಲಿಡಿ ಅಂದಿದಾರೆ, ಇನ್ನೊಬ್ರು ಅದು ಬರೀ ಪಾಚಿ, ತಲೆ ಕೆಡಿಸ್ಕೋಬೇಡಿ ಅಂದಿದಾರೆ. ಇಬ್ರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದಿರೋ ಪ್ರಕಾರ ಇದು ಶಾರ್ಟ್ ಟೆಂಟಕಲ್ ಪ್ಲೇಟ್ (ಟೆಂಟಕಲ್ ಅಂದ್ರೆ ಬಾಯಿ ಸುತ್ತ ಇರೋ ಬೆರಳಿನಂಥ ಎಳೆ, ಇದ್ರಲ್ಲಿ ಅವು ಗಿಡ್ಡ), ಹೀಟರ್ ಕೈಕೊಟ್ಟು ನೀರು ಬಿಸಿಯಾಗಿ ಟಿಶ್ಯೂ (ಮೇಲಿನ ಜೀವಂತ ಮಾಂಸ) ಪೂರ್ತಿ ಕಳಚ್ಕೊಂಡು ಹೋಯ್ತು, ನಾಲ್ಕೈದು ತಿಂಗಳಿಂದ ಬರೀ ಸ್ಕೆಲಿಟನ್ (ಸುಣ್ಣದ ಗಟ್ಟಿ ಗೂಡು) ಬಿದ್ದಿತ್ತು, ಮೊದಲು ಪಾಚಿ ಹತ್ತಿ ಆಮೇಲೆ ಅಲ್ಲಲ್ಲಿ ಪಿಂಕ್ ಕೋರಲೈನ್ (ಕಲ್ಲಿನ ಹಾಗೆ ಗಟ್ಟಿಯಾಗಿ ಹತ್ತೋ ಪಾಚಿ) ಬಂತು, ಈಗ ಅಂಚಲ್ಲಿ ಮತ್ತೆ ಕೆಳಗಡೆ ಒಂದೆರಡು ಮಿಲಿಮೀಟರಿನ ಹಸಿರು ಚುಕ್ಕಿಗಳು ನೀಲಿ ಲೈಟಲ್ಲಿ ಹೊಳೀತಿವೆ. ಈ ಲಕ್ಷಣ ನೋಡಿದ್ರೆ ಮರಿಗಳೇ ಇರಬಹುದು ಅನ್ಸತ್ತೆ. ಗ್ಯಾರಂಟಿ ಅಂತ ಹೇಳಲ್ಲ, ಆದ್ರೆ ಕಾಯೋಕೆ ಇಷ್ಟು ಕಾರಣ ಸಾಕು.

ಸತ್ತಿದ್ದು ಹೇಗೆ ಮರಿ ಹಾಕತ್ತೆ ಅಂತ ಕೇಳಿದ್ರಿ. ಪೂರ್ತಿ ಸತ್ತಿರೋದಿಲ್ಲ, ಅಷ್ಟೇ ವಿಷ್ಯ. ಪ್ಲೇಟ್ ಕೋರಲ್ ಬ್ರಾಂಚಿಂಗ್ (ಕೊಂಬೆ ಕೊಂಬೆಯಾಗಿ ಬೆಳೆಯೋ) ಕೋರಲ್ ಥರ ನೂರಾರು ಪಾಲಿಪ್ (ಒಂದೊಂದು ಕೋರಲ್ ಪ್ರಾಣಿ) ಸೇರ್ಕೊಂಡಿರೋ ಕಾಲನಿ ಅಲ್ಲ, ಸಾಮಾನ್ಯವಾಗಿ ಇಡೀ ತಟ್ಟೆ ಒಂದೇ ಪಾಲಿಪ್, ನಡುವೆ ಒಂದು ಬಾಯಿ (ಕೆಲವು ಜಾತೀಲಿ ಹಲವು ಬಾಯಿ ಇರತ್ತೆ, ಅದು ಇಲ್ಲಿ ಬೇಡ). ಸ್ಕೆಲಿಟನ್ನಲ್ಲಿ ನಡುವಿಂದ ಅಂಚಿಗೆ ಓಡೋ ತೆಳು ಗೋಡೆಗಳಿದಾವಲ್ಲ, ಸೆಪ್ಟಾ ಅಂತಾರೆ, ಅವುಗಳ ಸಂದೀಲಿ ಟಿಶ್ಯೂ ಒಳಗಡೆಗೆ ಇಳ್ಕೊಂಡಿರತ್ತೆ. ಮೇಲಿನ ಪದರ ಸುಟ್ಟೋಗಿ ಕಳಚಿದ್ರೂ ಒಳಗೆ ಕಣ್ಣಿಗೆ ಕಾಣದಷ್ಟು ಚೂರು ಉಳಿದಿದ್ರೆ ಅದೇ ನಿಧಾನಕ್ಕೆ ಹೊಸ ಪಾಲಿಪ್ ಕಟ್ಟತ್ತೆ. ಬಾಳೆ ಗೊನೆ ಕಡಿದ ಮೇಲೆ ದಿಂಡು ಕೊಳೆತೋದ್ರೂ ಬುಡದಲ್ಲಿ ಕಂದು ಏಳತ್ತಲ್ಲ, ಹೆಚ್ಚುಕಮ್ಮಿ ಅದೇ ಕಥೆ. ಬರೋದೆಲ್ಲ ತಾಯಿದೇ ಕ್ಲೋನ್, ಹಾಗಾಗಿ ಬಣ್ಣನೂ ಸಾಮಾನ್ಯವಾಗಿ ತಾಯಿದೇ ಬರತ್ತೆ, ಮರಿ ಇದ್ದಾಗ ಮಾತ್ರ ಸ್ವಲ್ಪ ಮಂಕಾಗಿ ಕಂದು ಹಸಿರು ಕಾಣಬಹುದು.

ಇದು ಟ್ಯಾಂಕಲ್ಲಿ ಮಾತ್ರ ಆಗೋ ಪವಾಡ ಏನಲ್ಲ. ಹವಾಯಿಯ ಕಾನಿಯೋಹೆ ಕೊಲ್ಲಿಯಲ್ಲಿ ಫಂಜಿಯಾ ಸ್ಕುಟಾರಿಯಾ ಅನ್ನೋ ಪ್ಲೇಟ್ ಕೋರಲ್ ಜಾತಿಯ ಸತ್ತ ತಾಯಿ ಸ್ಕೆಲಿಟನ್ ಮೇಲೆ ಮರಿಗಳು ಏಳೋದನ್ನ 1990ರ ದಶಕದಲ್ಲೇ ಸಂಶೋಧಕರು ದಾಖಲು ಮಾಡಿದಾರೆ. ಅದೇ ಜಾತೀನ ಈಗ ಲೋಬಾಕ್ಟಿಸ್ ಸ್ಕುಟಾರಿಯಾ ಅಂತ ಕರೀತಾರೆ, ಹಳೇ ಲೇಖನ ಹುಡುಕೋರು ಎರಡೂ ಹೆಸರು ಹಾಕಿ ನೋಡಿ.

ಈಗ ಮುಖ್ಯ ಕೆಲಸ, ಅದು ಮರಿನಾ ಇಲ್ಲ ಬೇರೆ ಏನಾದ್ರೂನಾ ಅಂತ ಗೊತ್ತು ಮಾಡ್ಕೊಳ್ಳೋದು. ಬರೀ ಹೊಳಪು ನೋಡಿ ನಂಬ್ಬೇಡಿ, ನೀಲಿ ಲೈಟಲ್ಲಿ ಇನ್ನೂ ಬೇಕಾದಷ್ಟು ಹೊಳೀತವೆ, ಎಲ್ಲಿಂದಲೋ ಬಂದು ಅಂಟ್ಕೊಂಡ ಝೋಆಂಥಿಡ್ (ಗುಂಡಿಯಂಥ ಮೆತ್ತಗಿನ ಪಾಲಿಪ್) ಕೂಡ ಹಸಿರಾಗೇ ಕಾಣತ್ತೆ, ಪಾಚಿ ಆದ್ರೆ ಹಳದಿ ಫಿಲ್ಟರ್ ಹಿಡಿದಾಗ ಕೆಂಪು ಕಡೆಗೆ ಹೋಗತ್ತೆ. ರಾತ್ರಿ ಲೈಟ್ ಆರಿ ಒಂದು ಗಂಟೆ ಆದ್ಮೇಲೆ ಸಣ್ಣ ಟಾರ್ಚ್ ಮತ್ತೆ ಭೂತಗನ್ನಡಿ ತಗೊಂಡು ಗಾಜಿಗೆ ಮುಖ ಇಟ್ಟು ನೋಡಿ. ಪ್ಲೇಟ್ ಮರಿ ಆಗಿದ್ರೆ ನಡುವೆ ಗೀರಿದ ಹಾಗೆ ಸಣ್ಣ ಬಾಯಿ, ಅದರಿಂದ ಸುತ್ತ ಹೊರಟ ಗೆರೆಗಳು, ಅಂಚಲ್ಲಿ ತುದಿ ಬಿಳಿಯಾಗಿರೋ ಗಿಡ್ಡ ಟೆಂಟಕಲ್ಲು ಕಾಣ್ಬೇಕು. ಆಮೇಲೆ ಪೈಪೆಟ್ಟಿಂದ ಮೆಲ್ಲಗೆ ನೀರು ಊದಿ. ಮರಿ ನಿಧಾನಕ್ಕೆ ಕುಗ್ಗತ್ತೆ, ಕುಗ್ಗಿದಾಗ ಟಿಶ್ಯೂ ಕೆಳಗೆ ಬಿಳೀ ಸೆಪ್ಟಾ ಗೆರೆ ಚಕ್ರದ ಹಾಗೆ ಎದ್ದು ಕಾಣತ್ತೆ, ಜಾಗ ಬಿಟ್ಟು ಕದಲಲ್ಲ. ಆಪ್ಟೇಸಿಯಾ (ಟ್ಯಾಂಕಲ್ಲಿ ಕಳೆ ಥರ ಹಬ್ಬೋ ಸಣ್ಣ ಸೀ ಅನಿಮೋನ್) ಆದ್ರೆ ಊದಿದ ತಕ್ಷಣ ಪಟ್ಟಂತ ಸಂದಿಯೊಳಗೆ ಮಾಯ, ಅದಕ್ಕೆ ಗಟ್ಟಿ ಗೆರೆ ಇರಲ್ಲ, ಟೆಂಟಕಲ್ ಉದ್ದ, ಮೈ ಅರೆಪಾರದರ್ಶಕ ಕಂದು. ಸತ್ತ ಪ್ಲೇಟಿನ ಸಂದಿ ಆಪ್ಟೇಸಿಯಾಗೆ ಬಲು ಪ್ರೀತಿಯ ಜಾಗ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಆಪ್ಟೇಸಿಯಾ ಅಂತ ಖಾತ್ರಿ ಆದ್ರೆ ಅದೊಂದಕ್ಕೇ ಅದನ್ನ ಕೊಲ್ಲೋ ಪೇಸ್ಟ್ ಹಾಕಿ ಮುಚ್ಚಿ, ಇಡೀ ಸ್ಕೆಲಿಟನ್ನಿಗೆ ಡಿಪ್ (ಔಷಧಿ ಬೆರೆಸಿದ ನೀರಲ್ಲಿ ಅದ್ದೋದು) ಕೊಡೋಕೆ ಹೋಗ್ಬೇಡಿ, ಒಳಗಿರೋ ಟಿಶ್ಯೂನೂ ಹೋಗತ್ತೆ.

ಮರಿ ಅಂತ ಖಾತ್ರಿ ಆದ್ಮೇಲೆ ಜಾಗದ ಮಾತು. ನಿಮ್ದು ಮರಳಿನ ಮೇಲೆ ಚಪ್ಪಟೆ ಮಲಗಿದೆ, ಕೆಳಗಿರೋ ಚುಕ್ಕಿಗಳಿಗೆ ಬೆಳಕೂ ಇಲ್ಲ, ನೀರಿನ ಓಡಾಟನೂ ಇಲ್ಲ. ಹಾಗಂತ ತಲೆಕೆಳಗು ಮಾಡ್ಬೇಡಿ, ಆಗ ಮೇಲಿನವು ಉಸಿರುಗಟ್ಟತ್ತೆ. ಎರಡು ಸಣ್ಣ ರಾಕ್ ಚೂರು ಕೊಟ್ಟು ಒಂದು ಕಡೆ ಎತ್ತಿ ಓರೆಯಾಗಿ ನಿಲ್ಸಿ, ಎರಡೂ ಮೈಗೆ ಒಂದಿಷ್ಟು ಬೆಳಕು ಬೀಳ್ಬೇಕು, ಅಡಿಯಿಂದ ನೀರು ಹಾಯ್ಬೇಕು. ಫ್ರ್ಯಾಗ್ ರ‍್ಯಾಕ್ (ಕೋರಲ್ ಚೂರು ಇಡೋ ಸ್ಟ್ಯಾಂಡ್) ಇದ್ರೆ ಇನ್ನೂ ಸಲೀಸು. ನನ್ನ ಟ್ಯಾಂಕಲ್ಲಿರೋ ಹಳೇ ಪ್ಲೇಟಲ್ಲೂ ಹೀಗೇ, ಮೇಲುಗಡೆ ಬೋಳಾಗಿತ್ತು, ಓರೆ ನಿಲ್ಸಿದ್ಮೇಲೆ ಅಡಿ ಅಂಚಿಂದ ಒಂದರ ಪಕ್ಕ ಒಂದು ಎದ್ದವು, ಒಂದೊಂದೂ ಗಿಡ್ಡ ಕಾಂಡದ ಮೇಲೆ ಪುಟ್ಟ ಬಟ್ಟಲು ಕೂತಂಗಿತ್ತು. ಬೆಳಕು ಜಾಸ್ತಿ ಬೇಡ, ಪಾರ್ (ಕೋರಲ್ಲಿಗೆ ಬಳಕೆ ಆಗೋ ಬೆಳಕಿನ ಅಳತೆ) 50ರಿಂದ 100 ಇದ್ರೆ ಶುರುವಿಗೆ ಸಾಕು, ಚೆನ್ನಾಗಿ ಬಣ್ಣ ಹಿಡಿದ್ಮೇಲೆ ಬೇಕಾದ್ರೆ ವಾರಗಟ್ಟಲೆ ತಗೊಂಡು ಏರ್ಸಿ. ಪಂಪಿನ ನೇರ ಹೊಡೆತ ಬೀಳ್ಬಾರ್ದು, ಆದ್ರೆ ಸಂದೀಲಿ ಕಸ ಕೂರದಷ್ಟು ಫ್ಲೋ ಇರ್ಲೇಬೇಕು.

ಒಂದ್ಸಲ ಇಟ್ಟ ಮೇಲೆ ಮುಟ್ಟೋಕೆ ಹೋಗ್ಬೇಡಿ. ದಿನಾ ಎತ್ತಿ ನೋಡೋದು, ಇವತ್ತು ಇಲ್ಲಿ ನಾಳೆ ಅಲ್ಲಿ ಇಡೋದು, ಫೋಟೋಗೆ ಅಂತ ಹೊರಗೆ ತೆಗೆಯೋದು ಇದ್ರಿಂದಲೇ ಮರಿಗಳು ಹೋಗೋದು ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ, ನೀರಿನ ತೊಂದ್ರೆಗಿಂತ ಮಾಲೀಕನ ಕೈ ತೊಂದ್ರೆನೇ ದೊಡ್ಡದು.

ನೀರಿನ ಬಗ್ಗೆ ಹೆಚ್ಚು ಹೇಳೋದಿಲ್ಲ, ನಿಮಗೆ ಗೊತ್ತಿರೋದೇ. ಸಲಿನಿಟಿ (ಉಪ್ಪಿನಂಶ) 35 ಪಿಪಿಟಿ ಅಂದ್ರೆ ಸ್ಪೆಸಿಫಿಕ್ ಗ್ರ್ಯಾವಿಟಿ ಹೆಚ್ಚುಕಮ್ಮಿ 1.026, ಟೆಂಪರೇಚರ್ 24ರಿಂದ 26 ಡಿಗ್ರಿ, ಆಲ್ಕಲಿನಿಟಿ (ನೀರಿನ ಕಾರ್ಬನೇಟ್ ಅಂಶ, ಅಳತೆ ಡಿಕೆಎಚ್) 8ರಿಂದ 9 ಡಿಕೆಎಚ್, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1300ರ ಆಸುಪಾಸು. ನಿಮ್ಮ ಪೋಸ್ಟಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಅಂತ ಹೆಮ್ಮೆಯಿಂದ ಹಾಕಿದೀರಿ, ಅದು ನಂಗೆ ಇಷ್ಟ ಆಗ್ಲಿಲ್ಲ. ಪೂರ್ತಿ ಸೊನ್ನೆ ಇರೋ ನೀರಲ್ಲಿ ಇಂಥ ದಪ್ಪ ಮಾಂಸದ ಕೋರಲ್ಲು ಮಂಕಾಗಿ ಸೊರಗತ್ತೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇರ್ಲಿ ಬಿಡಿ, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕಸ ತೆಗೆಯೋ ಯಂತ್ರ) ಸ್ವಲ್ಪ ಕಮ್ಮಿ ಓಡ್ಸಿ. ಆಲ್ಕಲಿನಿಟಿ ಇವತ್ತು 7 ನಾಳೆ 10 ಅಂತ ಕುಣೀದೆ ಇದ್ರೆ ಸಾಕು, ಮರಿ ಇರೋವಾಗ ಕ್ಯಾಲ್ಸಿಯಂ ಖರ್ಚು ಲೆಕ್ಕಕ್ಕೇ ಸಿಗಲ್ಲ, ಅದಕ್ಕೋಸ್ಕರ ಡೋಸಿಂಗ್ (ನೀರಿಗೆ ಕ್ಯಾಲ್ಸಿಯಂ ಸೇರಿಸೋದು) ಏರಿಸೋ ಅಗತ್ಯ ಇಲ್ಲ. ಹೀಟರ್ ಮಾತ್ರ ಹೊಸದು ಹಾಕಿ, ಅದಕ್ಕೆ ಬೇರೆ ಕಂಟ್ರೋಲರ್ ಕೊಡಿ, ಕಾರಣ ಹೇಳ್ಬೇಕಾಗಿಲ್ಲ.

ಪಾಚಿ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಈ ಹಂತದಲ್ಲಿ ನಿಜವಾದ ಶತ್ರು ಅದೇ. ಸತ್ತ ಸ್ಕೆಲಿಟನ್ ಅಂದ್ರೆ ಒರಟು ಮೈ, ಕೂದಲು ಪಾಚಿ ಅಲ್ಲಿ ಚೆನ್ನಾಗಿ ಬೇರೂರತ್ತೆ, ಮರಿ ಎರಡು ಮಿಲಿಮೀಟರ್ ಇದ್ದಾಗ ಪಾಚಿ ಎರಡು ಸೆಂಟಿಮೀಟರ್ ಬೆಳೆದ್ರೆ ಬೆಳಕೂ ಹೋಯ್ತು, ಕಸನೂ ಕೂತ್ಕೊಂಡ್ತು, ಮರಿ ಹಿಂದಕ್ಕೆ ಕುಗ್ಗಿ ಮುಗೀತು. ಬ್ರಶ್ ಹಾಕಿ ಉಜ್ಜಬೇಡಿ, ಚಿಮ್ಟದಲ್ಲಿ ಒಂದೊಂದೇ ಗೊಂಚಲು ಕೀಳಿ, ಕೀಳುವಾಗ ಪಕ್ಕದಲ್ಲೇ ಏರ್‌ಲೈನ್ ಪೈಪಲ್ಲಿ ಸೈಫನ್ ಮಾಡ್ತಾ ಇದ್ರೆ ಚೂರುಗಳು ಟ್ಯಾಂಕ್ ತುಂಬ ಹರಡಲ್ಲ. ಮರಿಗಳಿಂದ ದೂರ ಇರೋ ಜಾಗದಲ್ಲಿ ಮಾತ್ರ ಮೆತ್ತಗಿನ ಹಳೇ ಟೂತ್ ಬ್ರಶ್ ಬಳಸ್ಬಹುದು. ಟ್ರೋಕಸ್, ಸೆರಿತ್ ಥರದ ಸಣ್ಣ ಬಸವನಹುಳು ಇರ್ಲಿ, ಒಳ್ಳೇದೇ. ಸೀ ಅರ್ಚಿನ್ (ಮುಳ್ಳುಚೆಂಡಿನಂಥ ಸಮುದ್ರ ಪ್ರಾಣಿ) ಇದ್ರೆ ದೂರ ಇಡಿ, ಅದು ಕೆರೆಯೋವಾಗ ಪಾಚಿ ಮರಿ ಅಂತ ಭೇದ ಮಾಡಲ್ಲ. ದೊಡ್ಡ ಟರ್ಬೋ ಬಸವನಹುಳು ಓರೆ ನಿಂತಿರೋ ಪ್ಲೇಟನ್ನೇ ಉರುಳ್ಸಿ ಹೋಗತ್ತೆ. ಪಿಂಕ್ ಕೋರಲೈನ್ ಬಗ್ಗೆ ಕೇಳಿದ್ರಿ, ಅದನ್ನ ಕೆರೀಬೇಡಿ, ಕೂದಲು ಪಾಚಿಗೆ ಜಾಗ ಬಿಡದ ಹಾಗೆ ಅದೇ ನೋಡ್ಕೊಳತ್ತೆ, ಮರಿಗಳು ಅದರ ಅಂಚನ್ನ ಒತ್ತರಿಸ್ಕೊಂಡು ಬೆಳೀತವೆ.

ಊಟ. ಬೆಳಕಿಂದ ಬರೋ ಆಹಾರ ಝೂಝಾಂಥೆಲ್ಲಾ (ಕೋರಲ್ ಮೈಯೊಳಗೇ ಇರೋ ಸೂಕ್ಷ್ಮ ಪಾಚಿ) ಕಡೆಯಿಂದ ಸಿಗತ್ತೆ, ಆದ್ರೂ ತಿನ್ಸಿದ್ರೆ ಬೆಳವಣಿಗೆ ವ್ಯತ್ಯಾಸ ಕಣ್ಣಿಗೆ ಕಾಣತ್ತೆ. ವಾರಕ್ಕೆ ಎರಡು ಸಲ ಸಾಕು. ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಇವಕ್ಕೆ ದೊಡ್ಡದಾಯ್ತು, ಆಗ ತಾನೇ ಮರಿಯಾದ ಬ್ರೈನ್ ಶ್ರಿಂಪ್, ರೋಟಿಫರ್ (ನೀರಿನ ಸೂಕ್ಷ್ಮ ಜೀವಿ), ಇಲ್ಲಾಂದ್ರೆ ನುಣ್ಣಗಿರೋ ಕೋರಲ್ ಫುಡ್ ಪುಡೀನ ಟ್ಯಾಂಕ್ ನೀರಲ್ಲೇ ಕಲಸಿ, ಪಂಪ್ ಎಲ್ಲಾ ಹದಿನೈದು ನಿಮಿಷ ನಿಲ್ಸಿ, ಪೈಪೆಟ್ಟಲ್ಲಿ ಮೇಲಿಂದ ಮಂಜಿನ ಥರ ಬಿಡಿ. ತೊಂದ್ರೆ ಏನಂದ್ರೆ ಕ್ಲೀನರ್ ಶ್ರಿಂಪ್ ವಾಸನೆ ಹಿಡಿದು ಓಡಿ ಬಂದು ಮರಿ ಬಾಯಿಗೇ ಕೈ ಹಾಕಿ ಕಿತ್ಕೊಳ್ಳತ್ತೆ, ದೊಡ್ಡ ಪ್ಲೇಟ್ ಅದನ್ನ ತಡ್ಕೊಳತ್ತೆ, ಮರಿ ತಡ್ಕೊಳಲ್ಲ, ಹರಿದೋಗತ್ತೆ. ಪ್ಲಾಸ್ಟಿಕ್ ಬಾಟ್ಲಿ ಅರ್ಧ ಕತ್ತರಿಸಿ, ಅಂಚು ಚೂಪಿಲ್ಲದ ಹಾಗೆ ಮಾಡಿ, ಊಟದ ಹೊತ್ತಲ್ಲಿ ಮಾತ್ರ ಮೇಲಿಂದ ಬೋರಲು ಹಾಕಿ, ಬಾಟ್ಲಿ ಬಾಯಿಂದ ಪೈಪೆಟ್ ಇಳಿಸಿ. ಅರ್ಧ ಗಂಟೆಗೆ ತೆಗೀರಿ, ಉಳಿದ ಊಟ ಸೈಫನ್ ಮಾಡಿ, ಬಿಟ್ರೆ ಅದೇ ಮತ್ತೆ ಪಾಚಿ ಆಗೋದು.

ಎಷ್ಟು ದಿನ ಅಂದ್ರೆ, ತಾಳ್ಮೆ ಇರ್ಬೇಕು. ಕೆಲವದ್ರಲ್ಲಿ ಕೆಲವೇ ವಾರಕ್ಕೆ ಮರಿ ಕಾಣತ್ತೆ, ಕೆಲವದ್ರಲ್ಲಿ ವರ್ಷ ದಾಟಿ ಏಳತ್ತೆ, ಕೆಲವದ್ರಲ್ಲಿ ಏನೂ ಬರದೇನೂ ಇರತ್ತೆ. ಎಷ್ಟೋ ಚುಕ್ಕಿ ಬಂದು ಅರ್ಧದಷ್ಟೇ ಉಳಿದ್ರೂ ಗಾಬರಿ ಬೇಡ, ಒತ್ತೊತ್ತಾಗಿ ಬಂದಿರೋವು ಒಂದನ್ನೊಂದು ತಳ್ಳತ್ವೆ, ಎಲ್ಲಾ ಬದುಕಲ್ಲ.

ಬೇರ್ಪಡಿಸೋದು ಯಾವಾಗ ಅಂತ ಈಗ್ಲೇ ಕೇಳಿದೀರಿ, ಸ್ವಲ್ಪ ಅವಸರ ಆಯ್ತು, ಆದ್ರೂ ಹೇಳಿಬಿಡ್ತೀನಿ. ಮರಿ ಮೊದಲು ಕಾಂಡದ ಮೇಲಿರತ್ತೆ, ಆ ಹಂತಕ್ಕೆ ಆಂಥೋಕಾಲಸ್ ಅಂತಾರೆ. ಮೇಲಿನ ತಟ್ಟೆ ಅಗಲ ಆಗ್ತಾ ಆಗ್ತಾ ಕಾಂಡ ಸೇರೋ ಜಾಗದಲ್ಲಿ ಸುಣ್ಣ ಸವೆದು ಸಡಿಲ ಆಗತ್ತೆ, ಆಮೇಲೆ ತಟ್ಟೆ ತಾನಾಗೇ ಕಳಚಿ ಬೀಳತ್ತೆ, ಸಮುದ್ರದಲ್ಲಿ ಲಾರ್ವಾದಿಂದ ಬೆಳೆದ ಪ್ಲೇಟೂ ಇದೇ ದಾರೀಲೇ ಸ್ವತಂತ್ರ ಆಗೋದು. ಹಾಗಾಗಿ ಕಾದ್ರೆ ಕತ್ತರಿಸೋ ಕೆಲಸನೇ ಇಲ್ಲ. ಕತ್ತರಿಸ್ಲೇಬೇಕು ಅಂದ್ರೆ ತಟ್ಟೆ ಎರಡು ಮೂರು ಸೆಂಟಿಮೀಟರ್ ಆಗ್ಲಿ, ಬೋನ್ ಕಟ್ಟರಲ್ಲಿ ಕಾಂಡಕ್ಕೆ ಹಿಡಿದು ಕತ್ತರಿಸಿ, ತಟ್ಟೆಗೆ ಕಟ್ಟರ್ ತಾಗ್ಬಾರ್ದು. ಉಳಿದ ಕಾಂಡ ಬಿಸಾಕ್ಬೇಡಿ, ಅದರ ತುದೀಲಿ ಮತ್ತೊಂದು ತಟ್ಟೆ ಬರೋ ಸಾಧ್ಯತೆ ಚೆನ್ನಾಗಿದೆ. ಕಳಚಿದ ಮರೀನ ಮರಳಿನ ಮೇಲೇ ಇಡಿ, ರಾಕ್ ಮೇಲೆ ಬೇಡ, ಉಬ್ಬಿ ಇಳಿದು ಜರುಗೋ ಪ್ರಾಣಿ ಅದು, ರಾಕ್ ಮೇಲಿಟ್ರೆ ಒಂದಿನ ಉರುಳಿ ಬಿದ್ದು ಮೈ ಹರ್ಕೊಳ್ಳತ್ತೆ. ಮೈಮೇಲೆ ಸ್ವಲ್ಪ ಮರಳು ಬಿದ್ರೆ ತಾನೇ ಉಬ್ಬಿ ಕೊಡವಿಕೊಳ್ಳತ್ತೆ, ಮರಳು ಅಗೆಯೋ ಗೋಬಿ ಮೀನು ಇದ್ರೆ ಮಾತ್ರ ದಿನಾ ಕಣ್ಣಿಡಿ. ಪ್ಲೇಟು ಪ್ಲೇಟು ತಾಗಿದ್ರೆ ಸಾಮಾನ್ಯವಾಗಿ ಜಗಳ ಇಲ್ಲ, ಬೇರೆ ಕೋರಲ್ ಪಕ್ಕಕ್ಕೆ ಹೋದ್ರೆ ಅದಕ್ಕೆ ಚುಚ್ಚತ್ತೆ, ಸುತ್ತ ಜಾಗ ಬಿಡಿ.

ಕೆಳಗೆ ಇನ್ನೊಬ್ರು ತಮ್ಮ ಪ್ಲೇಟ್ ಈಗ ಟಿಶ್ಯೂ ಬಿಡ್ತಿದೆ, ಹಾಗೇ ಬಿಟ್ರೆ ಇದೇ ಥರ ಮರಿ ಬರತ್ತಾ ಅಂತ ಕೇಳಿದಾರೆ. ಮೇಡಂ, ನಿಮ್ಮ ಕೇಸ್ ಬೇರೆ. ಕಂದು ಲೋಳೆ ಥರ ತೇಲ್ತಿದ್ರೆ ಅದು ಬ್ರೌನ್ ಜೆಲ್ಲಿ ಅನ್ನೋ ರೋಗ, ಪಕ್ಕದ ಕೋರಲ್ಲಿಗೂ ಹರಡಬಹುದು, ಮೊದಲು ಪಂಪ್ ನಿಲ್ಸಿ ಲೋಳೆ ಪೂರ್ತಿ ಸೈಫನ್ ಮಾಡಿ ಆ ನೀರು ಚೆಲ್ಲಿ, ಕೋರಲ್ ಬೇರೆ ಪಾತ್ರೆಗೆ ಹಾಕಿ ಅಯೋಡಿನ್ ಡಿಪ್ ಕೊಡಿ, ಆಮೇಲೂ ಬೇರೆ ಟ್ಯಾಂಕಲ್ಲೇ ಇಡಿ. ಲೋಳೆ ಇಲ್ದೆ ಅಂಚಿಂದ ನಿಧಾನಕ್ಕೆ ಹಿಂದೆ ಸರೀತಿದ್ರೆ ಡಿಪ್ ಬೇಡ, ಬೆಳಕು ತಗ್ಗಿಸಿ, ಆಲ್ಕಲಿನಿಟಿ ನೋಡಿ, ಪ್ಲೇಟನ್ನ ಯಾರು ಕಚ್ತಿದಾರೆ ಅಂತ ಒಂದು ಸಂಜೆ ಕೂತು ನೋಡಿ, ಡ್ವಾರ್ಫ್ ಏಂಜಲ್ ಮೀನು ಇದ್ರೆ ಮೊದಲ ಅನುಮಾನ ಅದರ ಮೇಲೆ. ಸಣ್ಣ ಟ್ಯಾಂಕಲ್ಲಿ ದೊಡ್ಡ ಪ್ಲೇಟ್ ಕೊಳೀತಿದ್ರೆ ಅಮೋನಿಯಾ ಚೆಕ್ ಮಾಡೋದು ಮರೀಬೇಡಿ.

ಇನ್ನು ಸರ್, ಮುಂದಿನ ತಿಂಗಳು ಎಲ್ಲಾ ದೊಡ್ಡ ಟ್ಯಾಂಕಿಗೆ ಶಿಫ್ಟ್ ಅಂದಿದ್ರಿ. ಆ ಸ್ಕೆಲಿಟನ್ನ ರಾಕ್ ಜೊತೆ ಬಕೆಟ್ಟಿಗೆ ಸುರೀಬೇಡಿ, ಅದಕ್ಕೇ ಅಂತ ಒಂದು ಡಬ್ಬಿ ಇಟ್ಕೊಳ್ಳಿ, ನೀರೊಳಗೇ ಡಬ್ಬಿ ಅದ್ದಿ ಅದರೊಳಗೇ ಎತ್ತಿ ಇಳಿಸಿ, ಗಾಳಿಗೆ ತೆಗೀಬೇಡಿ. ಹೊಸ ಟ್ಯಾಂಕ್ ಸೈಕಲ್ ಆಗಿ (ಅಮೋನಿಯಾ ಅರಗಿಸೋ ಬ್ಯಾಕ್ಟೀರಿಯಾ ಬೆಳೆದು) ಪಾಚಿ ಗಲಾಟೆ ಒಂದು ಹಂತಕ್ಕೆ ಬರೋವರ್ಗೂ ಹಳೇ ಟ್ಯಾಂಕ್ ಓಡ್ತಾ ಇರೋಕೆ ಆದ್ರೆ ಅಲ್ಲೇ ಬಿಡಿ, ಕೊನೆಗೆ ಶಿಫ್ಟ್ ಮಾಡೋ ಸಾಮಾನು ಅದೇ ಆಗ್ಲಿ. ಅಷ್ಟರೊಳಗೆ ಬಿಳಿ ಲೈಟಲ್ಲಿ ಒಂದು, ನೀಲಿ ಲೈಟಲ್ಲಿ ಹಳದಿ ಫಿಲ್ಟರ್ ಹಿಡಿದು ಒಂದು, ಪಕ್ಕದಿಂದ ಕಾಂಡ ಕಾಣೋ ಹಾಗೆ ಇನ್ನೊಂದು ಫೋಟೋ ಹಾಕಿ, ಗಾಜಿನ ಹೊರಗಿಂದಲೇ, ಯಾವುದು ಮರಿ ಯಾವುದು ಅಲ್ಲ ಅಂತ ಗುರುತು ಹಾಕಿ ಕೊಡ್ತೀನಿ.